ನಾಡದೋಣಿಯ ಎಂಜಿನ್ ಸೀಮೆಎಣ್ಣೆಯಿಂದ ಪೆಟ್ರೋಲ್‌ಗೆ: ಏನು ಬದಲಾಗುತ್ತದೆ, ಯಾಕೆ?

ಗಂಗೊಳ್ಳಿಯಲ್ಲಿ ಪಂಚಗಂಗಾವಳಿ ಹೊಳೆಯ ದಡದಿಂದ ಬೆಳಗಿನ ಜಾವ ನಾಡದೋಣಿ ಹೊರಡುವುದನ್ನು ನೋಡಿದವರಿಗೆ ಈ ದೃಶ್ಯ ಗೊತ್ತಿರುತ್ತದೆ. ಬಲೆ, ಬುತ್ತಿ, ಕುಡಿಯುವ ನೀರು ಎಲ್ಲ ಏರಿದ ಮೇಲೆ ಕಡೆಗೆ ಎರಡು ಕ್ಯಾನು ಏರುತ್ತವೆ. ದೊಡ್ಡದರಲ್ಲಿ ನೀಲಿ ಸೀಮೆಎಣ್ಣೆ, ಸಣ್ಣದರಲ್ಲಿ ಪೆಟ್ರೋಲ್. ಒಂದೇ ಎಂಜಿನ್‌ಗೆ ಎರಡೆರಡು ಎಣ್ಣೆ ಯಾಕೆ ಎಂದು ಚಿಕ್ಕವನಿದ್ದಾಗ ದೊಡ್ಡಪ್ಪನನ್ನು ಕೇಳಿದ್ದೆ. 'ಒಂದ್ ಎಬ್ಸುಕೆ, ಇನ್ನೊಂದ್ ದುಡ್ಸುಕೆ' ಎಂದಿದ್ದರು. ಅದರ ಅರ್ಥ ಪೂರ್ತಿಯಾಗಿ ತಿಳಿಯಲು ನನಗೆ ಬಹಳ ವರ್ಷ ಹಿಡಿಯಿತು.

ಈಗ ಆ ದೊಡ್ಡ ಕ್ಯಾನು ದೋಣಿಯಿಂದ ಇಳಿಯುವ ಕಾಲ ಬಂದಿದೆ. ಪಡಿತರ ಸೀಮೆಎಣ್ಣೆಯ ಮೇಲಿನ ಕೇಂದ್ರದ ಸಬ್ಸಿಡಿ 2020ರ ಹೊತ್ತಿಗೆ ಮುಗಿದುಹೋಯಿತು. ಸೀಮೆಎಣ್ಣೆ ಎಂಜಿನ್ ಬಿಟ್ಟು ಪೆಟ್ರೋಲ್ ಅಥವಾ ಡೀಸೆಲ್ ಎಂಜಿನ್‌ಗೆ ಬದಲಾಗುವವರಿಗೆ ತಲಾ 50,000 ರೂಪಾಯಿ ಸಹಾಯಧನವನ್ನು ರಾಜ್ಯ ಸರ್ಕಾರ 2023ರ ಜುಲೈ ಬಜೆಟ್‌ನಲ್ಲಿ ಘೋಷಿಸಿತು. ಬದಲಾದವರು ಇದ್ದಾರೆ, ಬದಲಾಗಬೇಕೋ ಬೇಡವೋ ಎಂದು ಲೆಕ್ಕ ಹಾಕುತ್ತಿರುವವರೂ ಇದ್ದಾರೆ. ಎಂಜಿನ್ ಮಾರುವವರು ಬೆಲೆ ಮತ್ತು ಮೈಲೇಜ್ ಹೇಳುತ್ತಾರೆ. ಇಪ್ಪತ್ತು ಮೂವತ್ತು ವರ್ಷ ಸೀಮೆಎಣ್ಣೆಯ ಜೊತೆ ಬೆಳೆದ ಕೈಯ ಅಭ್ಯಾಸಗಳಲ್ಲಿ ಯಾವುದನ್ನು ಬಿಡಬೇಕು ಎಂಬುದನ್ನು ಹೇಳುವವರು ಕಡಿಮೆ. ನನಗೆ ಚಿಂತೆ ಹುಟ್ಟಿಸಿದ್ದು ಅದೇ. ಹಿನ್ನೀರಿನಲ್ಲಿ ಪ್ರವಾಸಿ ದೋಣಿ ನಡೆಸುವವರಿಗೂ ನೆರೆ ಬಂದಾಗ ರಬ್ಬರ್ ದೋಣಿ ಇಳಿಸುವವರಿಗೂ ಇಲ್ಲಿನ ಹೆಚ್ಚಿನ ಮಾತು ಅನ್ವಯಿಸುತ್ತದೆ. ಮೊದಲಿನಿಂದಲೇ ನೋಡೋಣ.

ಔಟ್‌ಬೋರ್ಡ್ ಅಂದರೆ ಯಾವುದು

ದೋಣಿಯ ಹೊಟ್ಟೆಯೊಳಗೆ ಕೂತಿರುವ ಎಂಜಿನ್ ಇನ್‌ಬೋರ್ಡ್. ಟ್ರಾಲ್ ಬೋಟ್‌ಗಳಲ್ಲಿ ಇರುವುದು ಅದು. ದೋಣಿಯ ಹಿಂಬದಿಯ ಹಲಗೆಗೆ ಹೊರಗಿನಿಂದ ಕಚ್ಚಿಸಿ ತಿರುಪು ಬಿಗಿಯುವ, ಬೇಕಾದಾಗ ಬಿಚ್ಚಿ ಹೆಗಲ ಮೇಲೆ ಹೊತ್ತು ಮನೆಗೆ ತರಬಹುದಾದ ಎಂಜಿನ್ ಔಟ್‌ಬೋರ್ಡ್. ನಾಡದೋಣಿಯಲ್ಲಿ ಇರುವುದು ಇದು. ನಾರ್ವೆಯಲ್ಲಿ ಹುಟ್ಟಿ ಅಮೆರಿಕದ ಮಿಲ್ವಾಕಿಯಲ್ಲಿ ನೆಲೆಸಿದ್ದ ಓಲೆ ಎವಿನ್‌ರೂಡ್ 1909ರಲ್ಲಿ ಮಾರಾಟಕ್ಕಿಟ್ಟ ಒಂದೂವರೆ ಅಶ್ವಶಕ್ತಿಯ ಎಂಜಿನ್‌ನಿಂದ ಇದು ಜನಸಾಮಾನ್ಯರ ಕೈಗೆ ಬಂತು. ಒಳಗಿನ ಜೋಡಣೆ ಇಂದಿಗೂ ಹೆಚ್ಚುಕಡಿಮೆ ಅದೇ.

ಮೂರು ಅಂತಸ್ತಿನ ಮನೆ ಎಂದುಕೊಳ್ಳಿ. ಮೇಲಿನ ಟೋಪಿಯೊಳಗೆ ಎಂಜಿನ್ ಇದೆ. ಪಿಸ್ಟನ್‌ನ ಏರಿಳಿತವನ್ನು ಸುತ್ತಾಗಿ ಬದಲಿಸುವ, ಬೈಕಿನಲ್ಲಿ ಅಡ್ಡ ಮಲಗಿರುವ ಕ್ರ್ಯಾಂಕು ಇಲ್ಲಿ ನೆಟ್ಟಗೆ ನಿಂತಿರುತ್ತದೆ. ಅದರಿಂದ ಒಂದು ಉದ್ದನೆಯ ಸರಳು ನಡುವಿನ ಅಂತಸ್ತಿನ ಮೂಲಕ ನೀರಿನ ಕೆಳಗೆ ಇಳಿಯುತ್ತದೆ. ಕೆಳಗಿನ ಅಂತಸ್ತಿನಲ್ಲಿ ಓರೆ ಹಲ್ಲಿನ ಗೇರುಗಳು ಆ ಸುತ್ತನ್ನು ಅಡ್ಡಕ್ಕೆ ತಿರುಗಿಸುತ್ತವೆ. ಬಡಗಿಯ ಹಳೆಯ ಕೈ ಡ್ರಿಲ್‌ನಲ್ಲಿ ಹಿಡಿ ಒಂದು ದಿಕ್ಕಿಗೆ ಸುತ್ತಿದರೆ ಬೈರಿಗೆ ಇನ್ನೊಂದು ದಿಕ್ಕಿಗೆ ಸುತ್ತುತ್ತದಲ್ಲ, ಅದೇ ಉಪಾಯ. ಕೊನೆಯಲ್ಲಿ ಪ್ರೊಪೆಲ್ಲರ್. ನಮ್ಮ ಕಡೆ ಅದಕ್ಕೆ ಫ್ಯಾನ್ ಎನ್ನುತ್ತಾರೆ.

ಕೆಳಗಿನ ಅಂತಸ್ತಿನಲ್ಲಿ ಕಣ್ಣಿಗೆ ಬೀಳದ ಇನ್ನೊಂದು ವಸ್ತು ಇದೆ, ಅಂಗೈಯೊಳಗೆ ಹಿಡಿಸುವಷ್ಟು ಚಿಕ್ಕ ರಬ್ಬರ್ ಚಕ್ರ. ಇಂಪೆಲ್ಲರ್ ಎಂದು ಹೆಸರು. ಸಮುದ್ರದ ನೀರನ್ನು ಎತ್ತಿ ಎಂಜಿನ್ ಸುತ್ತ ಹರಿಸಿ ತಣ್ಣಗಿಡುವುದು ಅದರ ಕೆಲಸ. ಎಂಜಿನ್ ಓಡುವಾಗ ಟೋಪಿಯ ಕೆಳಗಿನ ಸಣ್ಣ ತೂತಿನಿಂದ ನೀರು ಪಿಚಕಾರಿಯಂತೆ ಚಿಮ್ಮುತ್ತದೆ. ಅದು ಕಂಡರೆ ಇಂಪೆಲ್ಲರ್ ದುಡಿಯುತ್ತಿದೆ ಎಂದು ಅರ್ಥ. ನೀರಿಲ್ಲದೆ ಓಡಿಸಿದರೆ ಈ ರಬ್ಬರು ಒಂದೆರಡು ನಿಮಿಷದೊಳಗೆ ಸುಟ್ಟುಹೋಗಬಹುದು. ಅಂಗಳದಲ್ಲಿ 'ಸ್ಟಾರ್ಟ್ ಆಗ್ತದಾ ನೋಡುವ' ಎಂದು ಒಣಗೇ ಓಡಿಸಿ ಹಾಳು ಮಾಡಿಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ.

9.9 ಯಾಕೆ, 12 ಯಾಕಲ್ಲ

ಎಂಜಿನ್ ಎಷ್ಟರದ್ದು ಎಂದು ಕರಾವಳಿಯಲ್ಲಿ ಯಾರನ್ನು ಕೇಳಿದರೂ 'ನೈನ್ ಪಾಯಿಂಟ್ ನೈನ್' ಎನ್ನುತ್ತಾರೆ, ಅಂದರೆ 9.9 ಅಶ್ವಶಕ್ತಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಮೀನು ಮರಿ ಮಾಡುವ ಕಾಲ, ಕಡಲೂ ಉಗ್ರವಾಗಿರುತ್ತದೆ. ಆ ದಿನಗಳಲ್ಲಿ 10 ಅಶ್ವಶಕ್ತಿಯವರೆಗಿನ ಮೋಟರು ಕಟ್ಟಿದ ನಾಡದೋಣಿಗೆ ಅವಕಾಶವಿದೆ. 9.9 ಆ ಗೆರೆಯ ಒಳಗೆ ನಿಲ್ಲುತ್ತದೆ. ಪೆಟ್ರೋಲ್‌ಗೆ ಬದಲಾಗುವಾಗ 'ಸ್ವಲ್ಪ ಜಾಸ್ತಿದು ತಗೊಳ್ಳಿ' ಎಂಬ ಮಾತಿಗೆ ಒಪ್ಪುವ ಮೊದಲು ಈ ಗೆರೆ ನೆನಪಿರಲಿ. ಇಡೀ ಮಳೆಗಾಲದ ದುಡಿಮೆ ಅದರ ಮೇಲೆ ನಿಂತಿದೆ.

ಸೀಮೆಎಣ್ಣೆಗೆ ಎರಡನೇ ಕ್ಯಾನು ಯಾಕೆ ಬೇಕಿತ್ತು

ಯಾವ ಎಣ್ಣೆಯೂ ದ್ರವವಾಗಿ ಉರಿಯುವುದಿಲ್ಲ, ಆವಿಯಾಗಿ ಗಾಳಿಯಲ್ಲಿ ಬೆರೆತ ಮೇಲಷ್ಟೇ ಉರಿಯುತ್ತದೆ. ಪೆಟ್ರೋಲ್ ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗಿನ ಚಳಿಯಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಸೀಮೆಎಣ್ಣೆಗೆ ಅದೇ ಕೆಲಸಕ್ಕೆ ಸುಮಾರು 35ರಿಂದ 40 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು.

ಪಂಪ್ ಸ್ಟೌ ಹೊತ್ತಿಸಿದವರಿಗೆ ಇದು ಅನುಭವದ ಮಾತು. ಬಟ್ಟಲಿಗೆ ಸ್ಪಿರಿಟ್ ಹಾಕಿ, ಬರ್ನರ್ ಕಾಯಿಸಿ, ಆಮೇಲೆ ಪಂಪು ಹೊಡೆಯಬೇಕು. ಕಾಯಿಸದೆ ಪಂಪು ಹೊಡೆದರೆ ಎಣ್ಣೆ ಚಿಮ್ಮಿ ಹೊಗೆ ಕಕ್ಕುತ್ತದೆ. ಸೀಮೆಎಣ್ಣೆ ಎಂಜಿನ್ ಕೂಡ ಹಾಗೇ. ತಣ್ಣಗಿರುವಾಗ ಪೆಟ್ರೋಲ್‌ನಿಂದ ಎಬ್ಬಿಸಿ, ಕೆಲವು ನಿಮಿಷ ಓಡಿಸಿ ಬಿಸಿ ಮಾಡಿ, ಆಮೇಲೆ ನಲ್ಲಿಯಂಥ ಕಾಕು ತಿರುಗಿಸಿ ಸೀಮೆಎಣ್ಣೆಗೆ ಕೊಡಬೇಕು. ನಿಲ್ಲಿಸುವ ಮೊದಲು ಮತ್ತೆ ಪೆಟ್ರೋಲ್‌ಗೆ ತಿರುಗಿಸಿ ಸ್ವಲ್ಪ ಹೊತ್ತು ಓಡಿಸಬೇಕು. ಇಲ್ಲದಿದ್ದರೆ ಎಣ್ಣೆಯನ್ನು ಗಾಳಿಗೆ ಬೆರೆಸುವ ಕಾರ್ಬ್ಯುರೇಟರ್‌ನಲ್ಲಿ ಸೀಮೆಎಣ್ಣೆ ಉಳಿದು ಮರುದಿನ ಎಷ್ಟು ಹಗ್ಗ ಎಳೆದರೂ ಎಂಜಿನ್ ಏಳುವುದಿಲ್ಲ. ದೊಡ್ಡಪ್ಪ ಹೇಳಿದ ಎಬ್ಬಿಸುವುದು, ದುಡಿಸುವುದು ಇದೇ.

ಸೀಮೆಎಣ್ಣೆಗೆ ಇನ್ನೊಂದು ದೌರ್ಬಲ್ಯವಿದೆ. ಹೆಚ್ಚು ಒತ್ತಿದರೆ ಕಿಡಿಯಿಂದ ಹೊತ್ತಿದ ಉರಿ ತಲುಪುವ ಮೊದಲೇ ತಾನಾಗಿ ಅಡ್ಡಾದಿಡ್ಡಿ ಹೊತ್ತಿ ಪಿಸ್ಟನ್‌ಗೆ ಸುತ್ತಿಗೆಯಲ್ಲಿ ಬಡಿದಂತೆ ಬಡಿಯುತ್ತದೆ. ಆದ್ದರಿಂದ ಈ ಎಂಜಿನ್‌ಗಳನ್ನು ಕಡಿಮೆ ಒತ್ತಡಕ್ಕೆ ಕಟ್ಟುತ್ತಾರೆ. ಲೀಟರ್ ಲೆಕ್ಕದಲ್ಲಿ ಪೆಟ್ರೋಲ್‌ಗಿಂತ ಸೀಮೆಎಣ್ಣೆಯಲ್ಲೇ ಶಾಖ ತುಸು ಹೆಚ್ಚು. ಆದರೆ ಒತ್ತಡ ಕಡಿಮೆಯಾದ್ದರಿಂದ ಆ ಶಾಖದಲ್ಲಿ ಹೆಚ್ಚಿನ ಪಾಲು ಕೆಲಸವಾಗದೆ ಹೊಗೆಯಲ್ಲಿ ಹೋಗುತ್ತದೆ. ಮಸಿ ಕಿಡಿ ಹಾರಿಸುವ ಪ್ಲಗ್‌ನಲ್ಲೂ ಪಿಸ್ಟನ್ ತಲೆಯ ಮೇಲೂ ಕಟ್ಟುತ್ತದೆ. ಪ್ಲಗ್ ಬಿಚ್ಚಿ ತಂತಿಯಲ್ಲಿ ಕೆರೆಯುವುದು ನಮ್ಮ ಮನೆಯಲ್ಲಿ ವಾರದ ಕೆಲಸವಾಗಿತ್ತು.

ಹಾಗಾದರೆ ಹೊಸ ಪೆಟ್ರೋಲ್ ಎಂಜಿನ್‌ಗೆ ಮನೆಯಲ್ಲಿ ಉಳಿದ ಸೀಮೆಎಣ್ಣೆ ಸ್ವಲ್ಪ ಬೆರೆಸಬಹುದೇ? ಬೇಡ. ಹೆಚ್ಚು ಒತ್ತಡಕ್ಕೆ ಕಟ್ಟಿದ ಎಂಜಿನ್‌ನಲ್ಲಿ ಆ ಸುತ್ತಿಗೆ ಪೆಟ್ಟು ಇನ್ನೂ ಜೋರು. ಸೀಮೆಎಣ್ಣೆ ತುಂಬುತ್ತಿದ್ದ ಹಳೆಯ ಟ್ಯಾಂಕನ್ನೂ ಪೆಟ್ರೋಲ್‌ಗೆ ಬಳಸದಿರುವುದು ಒಳ್ಳೆಯದು. ವರ್ಷಗಟ್ಟಲೆ ಒಳಗೆ ಅಂಟಿದ ಜಿಡ್ಡನ್ನು ಪೆಟ್ರೋಲ್ ಎಬ್ಬಿಸಿ ಫಿಲ್ಟರ್‌ಗೆ ತಂದು ಕಟ್ಟುತ್ತದೆ.

ಬಿಡಬೇಕಾದ ಅಭ್ಯಾಸಗಳು

ಇಲ್ಲಿ ಸ್ವಲ್ಪ ನಿಂತು ಓದಿ. ಸೀಮೆಎಣ್ಣೆ ದೋಣಿಯೊಳಗೆ ಚೆಲ್ಲಿದರೆ ವಾಸನೆ, ಜಾರಿಕೆ, ಬೈಗುಳ ಅಷ್ಟೇ ಆಗುತ್ತಿತ್ತು. ಅದು ತಾನಾಗಿ ಹೊತ್ತಿಕೊಳ್ಳುವಷ್ಟು ಆವಿ ಬಿಡುವುದು ಅಪರೂಪ. ಚೆಲ್ಲಿದ ಪೆಟ್ರೋಲ್ ಮಾತು ಬೇರೆ. ಅದರ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಮೇಲೆ ಹಾರಿ ಹೋಗುವುದಿಲ್ಲ, ದೋಣಿಯ ತಳದಲ್ಲಿ, ಹಲಗೆಗಳ ಕೆಳಗೆ, ಬಲೆಯ ರಾಶಿಯ ಅಡಿಯಲ್ಲಿ ನೀರಿನಂತೆ ಇಳಿದು ಕೂರುತ್ತದೆ. ಕಣ್ಣಿಗೆ ಕಾಣದು. ಒಂದು ಬೀಡಿಯ ಕಿಡಿ, ಬ್ಯಾಟರಿ ವೈರಿನ ಒಂದು ಸ್ಪಾರ್ಕ್ ಸಾಕು.

ಆದ್ದರಿಂದ ಪೆಟ್ರೋಲ್ ಟ್ಯಾಂಕನ್ನು ದೋಣಿಯಿಂದ ಇಳಿಸಿ, ನೆಲದ ಮೇಲಿಟ್ಟು ತುಂಬಬೇಕು. ನೆಲದ ಮೇಲಿಟ್ಟರೆ ಸುರಿಯುವಾಗ ಹುಟ್ಟುವ ಸ್ಥಾಯೀ ವಿದ್ಯುತ್ತೂ ಭೂಮಿಗೆ ಇಳಿಯುತ್ತದೆ. ತುಂಬುವಾಗ ಎಂಜಿನ್ ಆಫ್ ಆಗಿರಬೇಕು, ಬೀಡಿ ಇರಬಾರದು, ಮೊಬೈಲ್ ಟಾರ್ಚನ್ನು ಬಾಯಿಗೆ ಒಡ್ಡಿ ಇಣುಕಬಾರದು. ಗಂಟಲವರೆಗೆ ತುಂಬಬೇಡಿ, ಬಿಸಿಲು ಏರಿದಂತೆ ಪೆಟ್ರೋಲ್ ಹಿಗ್ಗುತ್ತದೆ, ಮೇಲೆ ಜಾಗ ಬೇಕು. ನೀರಿನ ಕ್ಯಾನು, ಅಡುಗೆ ಎಣ್ಣೆಯ ಕ್ಯಾನು ಪೆಟ್ರೋಲ್‌ಗೆ ಮಾಡಿದ್ದಲ್ಲ. ಇಂಧನಕ್ಕೆಂದೇ ಮಾಡಿದ ದಪ್ಪ ಗೋಡೆಯ ಟ್ಯಾಂಕೇ ಆಗಬೇಕು.

ಇನ್ನೊಂದು, ಪೈಪನ್ನು ಬಾಯಲ್ಲಿ ಎಳೆದು ಎಣ್ಣೆ ಇಳಿಸುವುದು. ನಮ್ಮಲ್ಲಿ ಇದು ಎಷ್ಟು ಸಾಮಾನ್ಯವೆಂದರೆ ಯಾರೂ ಇದನ್ನು ಅಪಾಯವೆಂದೇ ಎಣಿಸುವುದಿಲ್ಲ. ಸೀಮೆಎಣ್ಣೆಯಾಗಲಿ ಪೆಟ್ರೋಲಾಗಲಿ ಒಂದು ಗುಟುಕು ತಪ್ಪಿ ಶ್ವಾಸಕೋಶಕ್ಕೆ ಇಳಿದರೆ ಅಲ್ಲಿ ಸುಟ್ಟು ನ್ಯುಮೋನಿಯಾ ಮಾಡುತ್ತದೆ. ಹಾಗೇನಾದರೂ ನುಂಗಿದವರಿಗೆ ವಾಂತಿ ಮಾಡಿಸಬಾರದು, ಮೇಲೆ ಬರುವಾಗ ಮತ್ತೆ ಉಸಿರಿನ ದಾರಿಗೆ ಹೋಗುತ್ತದೆ. ನೇರ ಆಸ್ಪತ್ರೆಗೆ ಕರೆದೊಯ್ಯಬೇಕು. ಕೈಯಲ್ಲಿ ಹಿಚುಕುವ ಪಂಪು ಅಂಗಡಿಯಲ್ಲಿ ಸಿಗುತ್ತದೆ, ಬೆಲೆಯೂ ಕಡಿಮೆ.

ಆಯಿಲ್ ಬೆರೆಸಬೇಕೇ, ಎಷ್ಟು

ಹಳೆಯ ಸ್ಕೂಟರ್‌ಗೆ ಬಂಕ್‌ನಲ್ಲಿ ಪೆಟ್ರೋಲ್ ಜೊತೆ ಆಯಿಲ್ ಹಾಕಿಸುತ್ತಿದ್ದದ್ದು ನೆನಪಿದೆಯೇ? ಅದು ಟೂ ಸ್ಟ್ರೋಕ್. ಅದರ ಎಂಜಿನ್‌ನ ಹೊಟ್ಟೆಯಲ್ಲಿ ಬೇರೆ ಆಯಿಲ್ ನಿಲ್ಲುವುದಿಲ್ಲ. ಇಂಧನವೇ ಆ ದಾರಿಯಲ್ಲಿ ಹಾದು ಮೇಲೆ ಹೋಗುತ್ತದೆ, ಹೋಗುವಾಗ ಅದರಲ್ಲಿ ಬೆರೆತ ಆಯಿಲ್ಲೇ ಬೇರಿಂಗ್, ಪಿಸ್ಟನ್‌ಗಳನ್ನು ಸವರಿಕೊಂಡು ಹೋಗುತ್ತದೆ. ಆಯಿಲ್ ಮರೆತರೆ ಪಿಸ್ಟನ್ ಸಿಲಿಂಡರ್‌ಗೆ ಕಚ್ಚಿ ಎಂಜಿನ್ ಜಾಮ್. ಇಂದಿನ ಬೈಕುಗಳಂತೆ ಕೆಳಗೆ ಆಯಿಲ್ ಬೇರೆ ತುಂಬಿಸುವುದು ಫೋರ್ ಸ್ಟ್ರೋಕ್. ಅದರ ಪೆಟ್ರೋಲ್‌ಗೆ ಏನೂ ಬೆರೆಸಬಾರದು, ಆದರೆ ಕಡ್ಡಿ ಎಳೆದು ಆಯಿಲ್ ಮಟ್ಟ ನೋಡಲು ಮರೆಯಬಾರದು.

ಟೂ ಸ್ಟ್ರೋಕ್‌ಗೆ ಎಂಜಿನ್ ಪುಸ್ತಕದಲ್ಲಿ 50:1 ಎಂದಿದ್ದರೆ 50 ಪಾಲು ಪೆಟ್ರೋಲ್‌ಗೆ ಒಂದು ಪಾಲು ಆಯಿಲ್, ಅಂದರೆ ಲೀಟರ್‌ಗೆ 20 ಮಿಲಿ. ಇಪ್ಪತ್ತು ಲೀಟರ್ ಕ್ಯಾನಿಗೆ 400 ಮಿಲಿ. ಹೊಸ ಎಂಜಿನ್‌ನ ಮೊದಲ ಗಂಟೆಗಳಿಗೆ ಸಾಮಾನ್ಯವಾಗಿ 25:1 ಹೇಳಿರುತ್ತಾರೆ, ಆಗ ಅದರ ಎರಡು ಪಟ್ಟು, 800 ಮಿಲಿ. ಅನುಪಾತ ಎಂಜಿನ್‌ನಿಂದ ಎಂಜಿನ್‌ಗೆ ಬೇರೆ. ಪಕ್ಕದ ದೋಣಿಯವರ ಲೆಕ್ಕ ನಿಮ್ಮದಕ್ಕೆ ಸರಿಹೋಗಬೇಕೆಂದಿಲ್ಲ. ಅರ್ಧ ಪೆಟ್ರೋಲ್ ಹಾಕಿ, ಆಯಿಲ್ ಸುರಿದು, ಚೆನ್ನಾಗಿ ಅಲುಗಾಡಿಸಿ, ಆಮೇಲೆ ಉಳಿದ ಪೆಟ್ರೋಲ್ ತುಂಬಿ. ಮೊದಲೇ ಆಯಿಲ್ ಸುರಿದರೆ ತಳದಲ್ಲಿ ಮಂದವಾಗಿ ಕೂತುಬಿಡುತ್ತದೆ.

'ಇರಲಿ ಸ್ವಲ್ಪ ಜಾಸ್ತಿ' ಎಂಬ ಕೈ ನಮ್ಮಲ್ಲಿ ಬಹಳ. ಜಾಸ್ತಿಯಾದರೆ ಹೊಗೆ, ಮಸಿ, ಪ್ಲಗ್ ಒದ್ದೆ. ಕಡಿಮೆಯಾದರೆ ಎಂಜಿನ್ನೇ ಹೋಗುತ್ತದೆ. ಅಳತೆಯ ಲೋಟ ಒಂದನ್ನು ಕ್ಯಾನಿಗೆ ದಾರದಲ್ಲಿ ಕಟ್ಟಿಬಿಡಿ.

ಆಯಿಲ್ ಡಬ್ಬದ ಮೇಲೆ ಟಿಸಿ-ಡಬ್ಲ್ಯೂ3 ಎಂಬ ಗುರುತು ಹುಡುಕಿ. ಅದು ನೀರಿನಿಂದ ತಣಿಯುವ ಟೂ ಸ್ಟ್ರೋಕ್ ಔಟ್‌ಬೋರ್ಡ್‌ಗಳಿಗಾಗಿಯೇ ಇರುವ ದರ್ಜೆ. ಬೈಕಿನ ಎಂಜಿನ್ ಗಾಳಿಯಲ್ಲಿ ತಣಿಯುವುದರಿಂದ ಹೆಚ್ಚು ಕಾಯುತ್ತದೆ, ಅದರ ಆಯಿಲ್‌ನಲ್ಲಿ ಉರಿದ ಮೇಲೆ ಬೂದಿ ಬಿಡುವ ಅಂಶಗಳಿರುತ್ತವೆ. ಔಟ್‌ಬೋರ್ಡ್‌ನ ತಣ್ಣನೆಯ ಸಿಲಿಂಡರ್‌ನಲ್ಲಿ ಆ ಬೂದಿ ಗಂಟು ಕಟ್ಟುತ್ತದೆ.

ಎಥೆನಾಲ್ ಮತ್ತು ನಮ್ಮ ಮಳೆಗಾಲ

ಪೆಟ್ರೋಲ್‌ಗೆ ಬದಲಾಗುತ್ತಿರುವ ಹೊತ್ತಿಗೇ ಪೆಟ್ರೋಲ್ ಕೂಡ ಬದಲಾಗಿದೆ. 2025ರ ಹೊತ್ತಿಗೆ ಬಂಕ್‌ಗಳಲ್ಲಿ ಸಿಗುವುದು ಹೆಚ್ಚಾಗಿ ಇ20, ಅಂದರೆ ನೂರರಲ್ಲಿ 20 ಪಾಲು ಎಥೆನಾಲ್. ಎಥೆನಾಲ್ ಎಂದರೆ ಕಬ್ಬು, ಧಾನ್ಯಗಳಿಂದ ತೆಗೆಯುವ ಮದ್ಯಸಾರ. ರಸ್ತೆಯ ಮೇಲಿನ ಗಾಡಿಗೆ ಇದರ ಚರ್ಚೆ ಬೇರೆ. ನೀರಿನ ಮೇಲೆ ಮೂರು ಕಾರಣಕ್ಕೆ ಇದು ಮುಖ್ಯ.

ಎಥೆನಾಲ್‌ಗೆ ನೀರೆಂದರೆ ಆಸೆ. ಮಳೆಗಾಲದಲ್ಲಿ ಮುಚ್ಚಳ ಸಡಿಲಬಿಟ್ಟ ಉಪ್ಪಿನ ಭರಣಿ ನೀರೊಡೆಯುವಂತೆ ಇದು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಒಂದು ಮಿತಿಯವರೆಗೆ ಆ ನೀರು ಪೆಟ್ರೋಲ್‌ನಲ್ಲೇ ಕರಗಿ ಕಣ್ಣಿಗೆ ಕಾಣದೆ ಇರುತ್ತದೆ, ತೊಂದರೆಯಿಲ್ಲದೆ ಉರಿದೂ ಹೋಗುತ್ತದೆ. ಮಿತಿ ಮೀರಿದರೆ, ಮುಖ್ಯವಾಗಿ ಮುಚ್ಚಳದ ಮೂಲಕ ಮಳೆ ನೀರೋ ಅಲೆಯ ನೀರೋ ಸೇರಿದರೆ, ಎಥೆನಾಲ್ ಆ ನೀರನ್ನು ತಬ್ಬಿಕೊಂಡು ಪೆಟ್ರೋಲ್‌ನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತದೆ. ಟ್ಯಾಂಕಿನ ಪೈಪು ಹೀರುವುದು ತಳದಿಂದಲೇ. ಟೂ ಸ್ಟ್ರೋಕ್‌ನಲ್ಲಿ ಇದು ಇನ್ನೂ ಕೆಟ್ಟದ್ದು, ಬೆರೆಸಿದ ಆಯಿಲ್ ಮೇಲಿನ ಪೆಟ್ರೋಲ್ ಪದರದಲ್ಲಿ ಉಳಿಯುತ್ತದೆ. ಎಂಜಿನ್‌ಗೆ ಸಿಗುವುದು ಆಯಿಲ್ ಇಲ್ಲದ ನೀರು-ಮದ್ಯಸಾರ.

ಎರಡನೆಯದು ರಬ್ಬರು. ಹಳೆಯ ಪೈಪು, ಹಳೆಯ ವಾಷರುಗಳನ್ನು ಎಥೆನಾಲ್ ಊದಿಸುತ್ತದೆ, ಮೆತ್ತಗೆ ಮಾಡುತ್ತದೆ. ಪೈಪನ್ನು ಬಗ್ಗಿಸಿ ನೋಡಿ, ಬಿರುಕು ಬಿಟ್ಟಿದ್ದರೆ ಬದಲಿಸಿ. ಮೂರನೆಯದು ಶಕ್ತಿ. ಲೀಟರ್ ಎಥೆನಾಲ್‌ನಲ್ಲಿ ಲೀಟರ್ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಪಾಲು ಶಾಖ ಕಡಿಮೆ. ಇ20ಗೆ ಲೆಕ್ಕ ಹಾಕಿದರೆ ನೂರಕ್ಕೆ ಆರೇಳರಷ್ಟು ಕೊರತೆ. ಹಳೆಯ ಲೆಕ್ಕದಲ್ಲಿ ಅಳೆದು ಎಣ್ಣೆ ಒಯ್ಯುವವರು ಇದನ್ನು ಸೇರಿಸಿಕೊಳ್ಳಬೇಕು.

ಬಹುತೇಕ ಔಟ್‌ಬೋರ್ಡ್ ತಯಾರಕರು ನೂರಕ್ಕೆ 10ರಷ್ಟು ಎಥೆನಾಲ್‌ವರೆಗೆ ಮಾತ್ರ ಒಪ್ಪಿರುತ್ತಾರೆ. ಎಂಜಿನ್ ಕೊಳ್ಳುವಾಗ ಮೊದಲು ಕೇಳಬೇಕಾದ ಪ್ರಶ್ನೆ ಇದೇ: ಇದು ಇ20ಗೆ ಆಗುತ್ತದೆಯೇ, ವಾರಂಟಿ ಕಾಗದದಲ್ಲಿ ಬರೆದಿದೆಯೇ? ಬಾಯಿಮಾತು ಸಾಲದು. ಉಳಿದಂತೆ ಬೇಕಾದಷ್ಟೇ ಪೆಟ್ರೋಲ್ ತರುವುದು, ವಾರಗಟ್ಟಲೆ ಇಡದಿರುವುದು, ಟ್ಯಾಂಕ್ ಮತ್ತು ಎಂಜಿನ್ ನಡುವೆ ನೀರು ಬೇರ್ಪಡಿಸುವ ಫಿಲ್ಟರ್ ಹಾಕುವುದು ನಮ್ಮ ಕೈಯಲ್ಲಿದೆ. ಅನುಮಾನ ಬಂದರೆ ಟ್ಯಾಂಕಿನ ತಳದಿಂದ ಒಂದು ಗಾಜಿನ ಬಾಟಲಿಗೆ ತೆಗೆದು ಬೆಳಕಿಗೆ ಹಿಡಿಯಿರಿ. ಎರಡು ಪದರ ಕಂಡರೆ ಆ ಎಣ್ಣೆ ಕಡಲಿಗೆ ಬೇಡ.

ಎಬ್ಬಿಸುವ ಕ್ರಮ

ತಿರುಪು ಎರಡೂ ಬಿಗಿಯಾಗಿವೆಯೇ, ಎಂಜಿನ್‌ನಿಂದ ದೋಣಿಗೆ ಸರಪಳಿ ಕಟ್ಟಿದೆಯೇ ನೋಡಿ. ಟ್ಯಾಂಕ್ ಮುಚ್ಚಳದ ಗಾಳಿ ತಿರುಪು ಬಿಚ್ಚಿ. ಪೈಪಿನ ನಡುವಿನ ರಬ್ಬರ್ ಉಂಡೆಯನ್ನು ಬಾಣದ ಗುರುತು ಮೇಲ್ಮುಖವಾಗಿರುವಂತೆ ಹಿಡಿದು, ಗಟ್ಟಿಯಾಗುವವರೆಗೆ ಹಿಚುಕಿ. ಗೇರ್ ನ್ಯೂಟ್ರಲ್‌ನಲ್ಲಿರಲಿ. ತಣ್ಣನೆಯ ಎಂಜಿನ್‌ಗೆ ಚೋಕ್ ಎಳೆದು, ದೋಣಿ ತಿರುಗಿಸುವ, ವೇಗ ಏರಿಳಿಸುವ ಹಿಡಿಯನ್ನು ಸ್ಟಾರ್ಟ್ ಗುರುತಿಗೆ ತನ್ನಿ. ಹಗ್ಗವನ್ನು ಮೊದಲು ಮೆಲ್ಲಗೆ, ಒಳಗಿನ ಹಲ್ಲು ಕಚ್ಚಿದ್ದು ಕೈಗೆ ತಿಳಿಯುವವರೆಗೆ ಎಳೆದು, ಆಮೇಲೆ ಒಂದೇ ಏಟಿಗೆ ಎಳೆಯಿರಿ. ಹಿಂದೆ ಯಾರೂ ನಿಂತಿರಬಾರದು, ಮೊಣಕೈ ತಾಗುತ್ತದೆ. ಎದ್ದ ಮೇಲೆ ಚೋಕ್ ಒಳಗೆ ತಳ್ಳಿ, ಪಿಚಕಾರಿ ನೀರು ಬರುತ್ತಿದೆಯೇ ನೋಡಿ. ಬರದಿದ್ದರೆ ಆಗಲೇ ನಿಲ್ಲಿಸಿ, ನೀರು ಹೀರುವ ಜಾಲರಿಗೆ ಪ್ಲಾಸ್ಟಿಕ್ ಕವರ್ ಅಂಟಿರಬಹುದು.

ಗೇರ್ ಹಾಕುವಾಗ ವೇಗ ಪೂರ್ತಿ ಇಳಿಸಿ, ಅರೆಮನಸ್ಸಿನಲ್ಲಿ ತಳ್ಳದೆ ಒಮ್ಮೆಗೇ ಹಾಕಬೇಕು. ಮೆಲ್ಲಗೆ ತಳ್ಳಿದರೆ ಗೇರಿನ ಹಲ್ಲು ಹಲ್ಲಿಗೆ ಉಜ್ಜಿ ಸವೆಯುತ್ತದೆ. ಹಿಡಿ ಬಲಕ್ಕೆ ಹೋದರೆ ದೋಣಿ ಎಡಕ್ಕೆ ತಿರುಗುತ್ತದೆ, ಹೊಸಬರಿಗೆ ಇದು ಮೊದಲ ದಿನದ ಗೊಂದಲ.

ಕಿಲ್ ಸ್ವಿಚ್‌ನ ಕೆಂಪು ದಾರ ಹೊಸ ಎಂಜಿನ್‌ಗಳಲ್ಲಿ ಇದ್ದೇ ಇರುತ್ತದೆ. ಒಂದು ತುದಿ ಎಂಜಿನ್‌ಗೆ, ಇನ್ನೊಂದು ನಡೆಸುವವರ ಮೈಗೆ. ನಡೆಸುವವರು ನೀರಿಗೆ ಬಿದ್ದರೆ ದಾರ ಕಳಚಿ ಎಂಜಿನ್ ನಿಲ್ಲುತ್ತದೆ. ದಾರ ಕಟ್ಟದೆ ಬಿದ್ದರೆ, ಹಿಡಿ ಬಿಟ್ಟ ಎಂಜಿನ್ ಒಂದು ಬದಿಗೆ ವಾಲಿ ದೋಣಿ ವೃತ್ತಾಕಾರದಲ್ಲಿ ಸುತ್ತುತ್ತದೆ, ಬಿದ್ದವರ ಮೇಲೇ ಫ್ಯಾನ್ ಮರಳಿ ಬರುತ್ತದೆ. ಬಲೆಗೆ ಸಿಕ್ಕಿಕೊಳ್ಳುತ್ತದೆ ಎಂದು ನಮ್ಮವರು ಈ ದಾರವನ್ನು ಎಂಜಿನ್‌ಗೇ ಸುತ್ತಿಡುತ್ತಾರೆ. ಬಲೆ ಬಿಡುವಾಗ ಎಂಜಿನ್ ನ್ಯೂಟ್ರಲ್‌ನಲ್ಲಿದ್ದರೆ ಆಗ ಕಳಚಿಟ್ಟರಾಯಿತು. ಓಡುವಾಗ ಕಟ್ಟಿಕೊಳ್ಳಿ.

ಅಳಿವೆಯಲ್ಲಿ ಎಂಜಿನ್ ನಿಂತರೆ

ನನಗೆ ಹದಿನೇಳಿರಬೇಕು. ಅಳಿವೆ ಬಾಗಿಲಿನಲ್ಲಿ, ಅಲೆ ಒಡೆಯುವ ಜಾಗಕ್ಕೆ ಇನ್ನೇನು ತಲುಪಬೇಕು ಎನ್ನುವಾಗ ಎಂಜಿನ್ ಎರಡು ಸಲ ಕೆಮ್ಮಿ ನಿಂತುಹೋಯಿತು. ನಾನು ಹಗ್ಗ ಎಳೆಯುತ್ತಲೇ ಇದ್ದೆ. ದೊಡ್ಡಪ್ಪ ಎದ್ದೇಳಲೂ ಇಲ್ಲ, ಹುಟ್ಟು ಹಾಕಿ ದೋಣಿಯ ಮೂತಿಯನ್ನು ಅಲೆಗೆ ನೇರ ಹಿಡಿದುಕೊಂಡು 'ಗಾಳಿ ತಿರ್ಪು ಬಿಚ್ಚಿದ್ಯಾ?' ಎಂದು ಕೇಳಿದರು. ಬಿಚ್ಚಿರಲಿಲ್ಲ. ರಬ್ಬರ್ ಉಂಡೆ ಒಣಗಿದ ನಿಂಬೆಕಾಯಿಯಂತೆ ಚಪ್ಪಟೆಯಾಗಿತ್ತು. ತಿರುಪು ಬಿಚ್ಚಿದ ಕೂಡಲೇ ಟ್ಯಾಂಕು ಉಸಿರೆಳೆದ ಸದ್ದು ಇಂದಿಗೂ ಕಿವಿಯಲ್ಲಿದೆ.

ಎಣ್ಣೆ ಡಬ್ಬಕ್ಕೆ ನಾವು ಎರಡು ತೂತು ಮಾಡುತ್ತೇವೆ, ಒಂದರಲ್ಲಿ ಎಣ್ಣೆ ಬರಲು, ಇನ್ನೊಂದರಲ್ಲಿ ಗಾಳಿ ಹೋಗಲು. ಟ್ಯಾಂಕಿನ ತಿರುಪು ಆ ಎರಡನೇ ತೂತು. ಮುಚ್ಚಿದ್ದರೂ ಎಂಜಿನ್ ಮೊದಲು ಏಳುತ್ತದೆ, ಐದು ಹತ್ತು ನಿಮಿಷ ಓಡುತ್ತದೆ. ದಡದಿಂದ ಅಳಿವೆಗೆ ಹೋಗಲು ಅಷ್ಟೇ ಹೊತ್ತು ಬೇಕು, ಅಪಾಯ ಇರುವುದೇ ಅಲ್ಲಿ.

ನಿಂತ ಎಂಜಿನ್‌ನಲ್ಲಿ ಮೊದಲು ಮುಟ್ಟಬೇಕಾದ್ದು ಆ ಉಂಡೆಯನ್ನು. ಚಪ್ಪಟೆಯಾಗಿದ್ದರೆ ಗಾಳಿ ತಿರುಪು ಮುಚ್ಚಿದೆ ಅಥವಾ ಟ್ಯಾಂಕಿನೊಳಗಿನ ಪೈಪು ಕಟ್ಟಿದೆ. ಎಷ್ಟು ಹಿಚುಕಿದರೂ ಗಟ್ಟಿಯಾಗದಿದ್ದರೆ ಎಣ್ಣೆ ಮುಗಿದಿದೆ, ಅಥವಾ ಎಲ್ಲೋ ಪೈಪಿನ ಜೋಡಣೆಯಲ್ಲಿ ಗಾಳಿ ಸೇರುತ್ತಿದೆ. ಉಂಡೆ ಗಟ್ಟಿಯಿದ್ದೂ ಏಳದಿದ್ದರೆ ಕಿಲ್ ಸ್ವಿಚ್ ದಾರ ನೋಡಿ, ಆಮೇಲೆ ಪ್ಲಗ್ ಬಿಚ್ಚಿ. ಒದ್ದೆಯಾಗಿದ್ದರೆ ಒರೆಸಿ, ಚೋಕ್ ಇಲ್ಲದೆ ಎಳೆಯಿರಿ. ಒಣಗಿದ್ದರೆ ಎಣ್ಣೆ ಮೇಲೆ ಬರುತ್ತಿಲ್ಲ. ಎಂಜಿನ್ ಕಿರುಚುತ್ತಿದ್ದೂ ದೋಣಿ ಮುಂದೆ ಹೋಗದಿದ್ದರೆ ಫ್ಯಾನಿನ ಪಿನ್ ತುಂಡಾಗಿರಬಹುದು. ಬಂಡೆಗೋ ಮರದ ತುಂಡಿಗೋ ಬಡಿದಾಗ ಗೇರು ಒಡೆಯದಂತೆ ತಾನೇ ಮುರಿಯಲೆಂದು ಕೆಲವು ಎಂಜಿನ್‌ಗಳಲ್ಲಿ ಆ ಮೆದು ಪಿನ್ ಇಟ್ಟಿರುತ್ತಾರೆ. ಅದರ ಜಾಗಕ್ಕೆ ಗಟ್ಟಿ ಮೊಳೆ ಹೊಡೆಯಬೇಡಿ.

ಇದೆಲ್ಲ ನೋಡುವ ಮೊದಲು ಲಂಗರು ಹಾಕಿ, ಇಲ್ಲವೇ ಒಬ್ಬರು ಹುಟ್ಟು ಹಿಡಿದು ಮೂತಿಯನ್ನು ಅಲೆಗೆ ನೇರ ನಿಲ್ಲಿಸಬೇಕು. ಅಡ್ಡಬಿದ್ದ ದೋಣಿಯಲ್ಲಿ ಪ್ಲಗ್ ಬಿಚ್ಚಲು ಸಮಯ ಸಿಗುವುದಿಲ್ಲ.

ಎಷ್ಟು ಎಣ್ಣೆ ಒಯ್ಯಬೇಕು

9.9 ಅಶ್ವಶಕ್ತಿಯ ಟೂ ಸ್ಟ್ರೋಕ್ ಪೂರ್ತಿ ವೇಗದಲ್ಲಿ ಗಂಟೆಗೆ ಸುಮಾರು ನಾಲ್ಕರಿಂದ ಐದು ಲೀಟರ್ ಪೆಟ್ರೋಲ್ ಕುಡಿಯುತ್ತದೆ, ಫೋರ್ ಸ್ಟ್ರೋಕ್ ಮೂರರಿಂದ ನಾಲ್ಕು. ವ್ಯತ್ಯಾಸಕ್ಕೆ ಕಾರಣ, ಟೂ ಸ್ಟ್ರೋಕ್‌ನಲ್ಲಿ ಹೊಗೆ ಹೊರಹೋಗುವ ಬಾಗಿಲು ತೆರೆದಿರುವಾಗಲೇ ಹೊಸ ಇಂಧನ ಒಳಬರುತ್ತದೆ, ಅದರಲ್ಲಿ ಗಣನೀಯ ಪಾಲು ಉರಿಯದೆ ಹೊಗೆಯ ಜೊತೆಯೇ ಹೊರಟುಹೋಗುತ್ತದೆ. ನಿಮ್ಮ ದೋಣಿಯ ನಿಜವಾದ ಲೆಕ್ಕ ಬೇಕಾದರೆ ತುಂಬಿದ ಟ್ಯಾಂಕಿನಲ್ಲಿ ಹೊರಟು ಗಡಿಯಾರ ನೋಡಿ ಓಡಿಸಿ, ಮರಳಿ ಬಂದು ಎಷ್ಟು ಹಿಡಿಯಿತೆಂದು ಅಳೆಯಿರಿ. ಒಯ್ದ ಎಣ್ಣೆಯಲ್ಲಿ ಮೂರನೇ ಒಂದು ಪಾಲು ಹೋಗಲು, ಒಂದು ಪಾಲು ಬರಲು, ಇನ್ನೊಂದು ಪಾಲು ಗಾಳಿ ಎದುರಾದರೆ ಎಂದು ಇಟ್ಟುಕೊಳ್ಳುವುದು ಕಡಲಿನವರ ಹಳೆಯ ಲೆಕ್ಕ. 24 ಲೀಟರ್ ಇದ್ದರೆ 8 ಲೀಟರ್ ಮುಗಿದಾಗ ತಿರುಗಬೇಕು.

ಉಳಿತಾಯದ ದೊಡ್ಡ ಜಾಗ ಹಿಡಿಯಲ್ಲೇ ಇದೆ. ಭಾರ ಹೊತ್ತು ನೀರು ಸೀಳಿಕೊಂಡು ಹೋಗುವ ದೋಣಿ ತನ್ನ ಮುಂದೆ ತಾನೇ ಒಂದು ಅಲೆ ಎಬ್ಬಿಸುತ್ತದೆ. ವೇಗ ಹೆಚ್ಚಿದಂತೆ ಆ ಅಲೆ ದೊಡ್ಡದಾಗಿ, ದೋಣಿ ಅದನ್ನು ಹತ್ತಲು ಹೆಣಗುತ್ತದೆ, ಬಾಳೆಬರೆ ಘಾಟಿ ಏರುವ ಲಾರಿಯಂತೆ. ನೀರಿನ ಗೆರೆಯಲ್ಲಿ 25 ಅಡಿ ಉದ್ದವಿರುವ ಇಂಥ ದೋಣಿಗೆ ಈ ಘಾಟಿ ಶುರುವಾಗುವುದು ಗಂಟೆಗೆ ಸುಮಾರು 12 ಕಿಲೋಮೀಟರ್ ಹತ್ತಿರ. ಅಲ್ಲಿಂದ ಮುಂದೆ ಹಿಡಿ ತಿರುಗಿಸಿದರೆ ಸದ್ದು ಏರುತ್ತದೆ, ಎಣ್ಣೆ ಇಳಿಯುತ್ತದೆ, ವೇಗ ಮಾತ್ರ ಅಲ್ಪಸ್ವಲ್ಪ. ಪೂರ್ತಿ ತಿರುಗಿಸಿದ್ದನ್ನು ಕಾಲುಭಾಗ ಹಿಂದೆ ತಂದು ಒಂದು ವಾರ ಅಳೆದು ನೋಡಿ.

ದಡಕ್ಕೆ ಬಂದ ಮೇಲೆ

ಉಪ್ಪು ಎಂಜಿನ್‌ನ ನೀರಿನ ದಾರಿಗಳಲ್ಲಿ ಹರಳುಗಟ್ಟುತ್ತದೆ. ಡ್ರಮ್ಮಿಗೆ ಸಿಹಿನೀರು ತುಂಬಿ, ಎಂಜಿನ್ನಿನ ಕಾಲನ್ನು ಅದರಲ್ಲಿ ಮುಳುಗಿಸಿ ಐದಾರು ನಿಮಿಷ ಓಡಿಸಿದರೆ ತೊಳೆದುಹೋಗುತ್ತದೆ. ಕೆಲವು ದಿನ ಕಡಲಿಗೆ ಹೋಗದಿದ್ದರೆ ಕಾರ್ಬ್ಯುರೇಟರ್‌ನ ಕೆಳಗಿನ ತಿರುಪು ಬಿಚ್ಚಿ ಪೆಟ್ರೋಲ್ ಇಳಿಸಿಬಿಡಿ, ಅಲ್ಲೇ ಬಿಟ್ಟರೆ ಅದು ಅಂಟಾಗಿ ಸಣ್ಣ ತೂತುಗಳನ್ನು ಮುಚ್ಚುತ್ತದೆ. ಕೆಳಗಿನ ಅಂತಸ್ತಿನ ಗೇರ್ ಆಯಿಲ್ ಆಗಾಗ ಒಂದಿಷ್ಟು ಇಳಿಸಿ ನೋಡಿ. ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಸೀಲ್ ಹೋಗಿ ನೀರು ನುಗ್ಗಿದೆ. ಎಂಜಿನ್‌ಗೆ ಅಂಟಿಸಿದ ಸತುವಿನ ತುಂಡು ಸವೆಯುವುದು ಕಂಡು ಗಾಬರಿ ಬೇಡ. ಉಪ್ಪುನೀರು ಅಲ್ಯೂಮಿನಿಯಂ ತಿನ್ನುವ ಬದಲು ಅದನ್ನು ತಿನ್ನಲೆಂದೇ ಇಟ್ಟಿದ್ದು. ಅರ್ಧ ಸವೆದಾಗ ಬದಲಿಸಿ, ಅದಕ್ಕೆ ಬಣ್ಣ ಬಳಿಯಬೇಡಿ.

ದೋಣಿ ಮಗುಚಿ ಎಂಜಿನ್ ಕಡಲಿಗೆ ಮುಳುಗಿದರೆ? ನಮ್ಮದು ಒಮ್ಮೆ ಮುಳುಗಿತ್ತು. ಜನ ಎಲ್ಲ ದಡ ಸೇರಿದ ಮೇಲೆ ಎಂಜಿನ್ ಎತ್ತಿ ತಂದಾಗ ಸಂಜೆಯಾಗಿತ್ತು, ಮೆಕ್ಯಾನಿಕ್ ಬರುವುದು ಮರುದಿನ. ಒರೆಸಿ ಬಿಸಿಲಿಗಿಡೋಣ ಎಂದರು ಕೆಲವರು. ಅದೇ ತಪ್ಪು. ಉಪ್ಪುನೀರಿನಲ್ಲಿ ನೆಂದ ಕಬ್ಬಿಣಕ್ಕೆ ಗಾಳಿ ತಾಗಿದ ಕೂಡಲೇ ತುಕ್ಕು ಶುರು. ಕೆಲವು ಗಂಟೆಗಳಲ್ಲಿ ಬೇರಿಂಗ್‌ಗಳು ಹಾಳಾಗುತ್ತವೆ. ಹಗ್ಗ ಎಳೆದು ಎಬ್ಬಿಸಲೂ ಹೋಗಬಾರದು, ಸಿಲಿಂಡರ್‌ನಲ್ಲಿ ನೀರು ತುಂಬಿದ್ದರೆ ಅದು ಒತ್ತಿದಷ್ಟು ಕುಗ್ಗುವುದಿಲ್ಲ, ಬಲವಂತ ಮಾಡಿದರೆ ಒಳಗಿನ ಸರಳು ಬಾಗುತ್ತದೆ. ದೊಡ್ಡಪ್ಪ ಬಾವಿಯಿಂದ ಹನ್ನೆರಡು ಕೊಡ ಸಿಹಿನೀರು ಸೇದಿಸಿ ನೀಲಿ ಡ್ರಮ್ಮಿಗೆ ತುಂಬಿಸಿ, ಎಂಜಿನ್ನನ್ನು ಟೋಪಿ ತೆಗೆದು ಇಡಿಯಾಗಿ ಅದರಲ್ಲಿ ಮುಳುಗಿಸಿಟ್ಟರು. ರಾತ್ರಿಯಿಡೀ ಅದು ಕೊಟ್ಟಿಗೆಯ ಪಕ್ಕ ನೀರಿನೊಳಗೇ ಇತ್ತು. ಬೆಳಿಗ್ಗೆ ಮೆಕ್ಯಾನಿಕ್ ಬಂದು ಎತ್ತಿ, ಪ್ಲಗ್ ಬಿಚ್ಚಿ ತಲೆಕೆಳಗೆ ಮಾಡಿ ನೀರು ಬಸಿದು, ಕೈಯಲ್ಲಿ ಮೆಲ್ಲಗೆ ತಿರುಗಿಸಿ ಎಲ್ಲೂ ಕಚ್ಚುತ್ತಿಲ್ಲ ಎಂದು ನೋಡಿ, ಸಿಲಿಂಡರ್‌ಗೆ ಆಯಿಲ್ ಬಿಟ್ಟು, ಹೊಸ ಪೆಟ್ರೋಲ್ ಕೊಟ್ಟು ಹಗ್ಗ ಎಳೆದರು. ಏಳನೆಯ ಎಳೆತಕ್ಕೆ ಎದ್ದಿತು. ಅದೇ ಡ್ರಮ್ಮಿನ ನೀರಿನಲ್ಲಿ ಅರ್ಧ ಗಂಟೆ ಓಡಿಸಿ, ಒಳಗಿನ ತೇವ ಆರಿದ ಮೇಲೆ ನಿಲ್ಲಿಸಿದರು.